ಗೇಟ್‌ವೇಗಿಂತ ಎರಡು ಪಟ್ಟು ಎತ್ತರ: ದೈತ್ಯಪ್ರಾಣಿ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಊರು ಉಡುಪಿ ಕಡೆ. ಮದುವೆಯಾಗಿ ಡೊಂಬಿವಿಲಿಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು. ಅದರಲ್ಲಿ ಹದಿನೈದು ವರ್ಷದಿಂದ ದೈತ್ಯಪ್ರಾಣಿಗಳ ಸಣ್ಣಕಥೆ ಬರೆಯುತ್ತಿದ್ದೇನೆ. ಎಲ್ಲವೂ ಮುಂಬೈಯಲ್ಲಿ ನಡೆಯುವ ಕಥೆಗಳು. ನಾವು ಏಳೆಂಟು ಜನ ತಿಂಗಳಿಗೊಮ್ಮೆ ಮಾಟುಂಗದಲ್ಲಿ ಸೇರಿ, ಬರೆದದ್ದನ್ನು ಓದಿ ತಿದ್ದಿಕೊಳ್ಳುತ್ತೇವೆ. ಅಲ್ಲಿ, ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ, ಊರಿನಿಂದ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲು ಕೇಳುವವು

ಅಕ್ಕಾ, ದೈತ್ಯಪ್ರಾಣಿ ಕಥೆ ಅಂದ್ರೆ ರಾಕ್ಷಸರ ಕಥೆನಾ?

ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ರಾಕ್ಷಸನಿಗೆ ಹೆಸರಿದೆ, ಮಾತಿದೆ, ಯಾರೋ ಕೊಟ್ಟ ವರ ಇದೆ. ಅವನ ಜೊತೆ ವಾದ ಮಾಡಬಹುದು. ದೈತ್ಯಪ್ರಾಣಿ ಮಾತಾಡುವುದಿಲ್ಲ. ಅದಕ್ಕೆ ನಮ್ಮ ಮೇಲೆ ಸಿಟ್ಟೂ ಇರಬೇಕಾಗಿಲ್ಲ. ಅದು ದೊಡ್ಡದು, ಅಷ್ಟೇ. ನಮ್ಮ ರಸ್ತೆ, ಸೇತುವೆ, ಚಾಳು (ಒಂದೇ ಕಾರಿಡಾರಿಗೆ ತೆರೆಯುವ ಸಾಲುಮನೆಗಳು) ಯಾವುದೂ ಅಷ್ಟು ದೊಡ್ಡ ಜೀವಕ್ಕಾಗಿ ಕಟ್ಟಿದ್ದಲ್ಲ. ಅದು ಬಂದ ಕೂಡಲೇ ಊರು ತನ್ನ ಲೆಕ್ಕವನ್ನೆಲ್ಲ ಬೇರೆ ಹಾಕಬೇಕಾಗುತ್ತದೆ. ಆ ಹೊಸ ಲೆಕ್ಕವೇ ಈ ಕಥೆ.

ದೆವ್ವ ಒಂದು ಮನೆಗೆ ಬರುತ್ತದೆ. ಇದು ಇಡೀ ವಾರ್ಡಿಗೆ ಬರುತ್ತದೆ.

ಇದು ಜಪಾನಿನವರದ್ದಲ್ವಾ? ನಮಗ್ಯಾಕೆ?

ಜಪಾನಿನವರು ಇದನ್ನು ಕೈಜು ಎನ್ನುತ್ತಾರೆ, ವಿಚಿತ್ರ ಪ್ರಾಣಿ ಎಂದು ಅರ್ಥ. ಅವರ ಗಾಡ್ಜಿಲ್ಲಾ ತೆರೆಗೆ ಬಂದದ್ದು 1954ರ ನವೆಂಬರ್‌ನಲ್ಲಿ. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತ್ತು. ಅದರ ಬೂದಿ ಒಂದು ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ದೋಣಿಯಲ್ಲಿ 23 ಜನ ಇದ್ದರು. ಎಲ್ಲರೂ ಕಾಯಿಲೆ ಬಿದ್ದರು, ಒಬ್ಬರು ಆರೇಳು ತಿಂಗಳಲ್ಲಿ ತೀರಿಕೊಂಡರು. ಆ ಪ್ರಾಣಿ ಮೊದಲು ಹಾಳು ಮಾಡುವುದು ದೋಣಿಗಳನ್ನೇ. ಯಾಕೆ ಅಂತ ಅಲ್ಲಿನ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಅವರಿಂದ ಕಲಿಯಬೇಕಾದದ್ದು ಇದು. ಅವರ ಹಲ್ಲಿಯನ್ನು ತಂದು ಮರೀನ್ ಡ್ರೈವಿನಲ್ಲಿ ಬಿಡುವುದಲ್ಲ.

ಇನ್ನು ದೊಡ್ಡ ಪ್ರಾಣಿಗಳು ನಮ್ಮಲ್ಲಿ ಬೇಕಾದಷ್ಟಿವೆ. ತಿಮಿ ಅಂದರೆ ದೊಡ್ಡ ಮೀನು. ತಿಮಿಯನ್ನು ನುಂಗುವುದು ತಿಮಿಂಗಿಲ. ತಿಮಿಂಗಿಲವನ್ನೂ ನುಂಗುವುದಕ್ಕೆ ಹಳಬರು ತಿಮಿಂಗಿಲಗಿಲ ಎಂದು ಹೆಸರಿಟ್ಟಿದ್ದಾರೆ. ಆನೆಗಳನ್ನು ಎತ್ತಿ ಹಾರುವ ಎರಡು ತಲೆಯ ಗಂಡಭೇರುಂಡ ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಬಳ್ಳಿಗಾವಿಯಲ್ಲಿ 1047ರಲ್ಲಿ ಅದಕ್ಕೊಂದು ಕಂಬವನ್ನೇ ನಿಲ್ಲಿಸಿದ್ದಾರೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಬಕಾಸುರನ ಊರು, ಏಕಚಕ್ರನಗರ. ಅಲ್ಲಿನ ಜನ ಏನು ಮಾಡಿದರು ನೋಡಿ. ಓಡಲಿಲ್ಲ. ಸರದಿ ಹಾಕಿಕೊಂಡರು. ದಿನಕ್ಕೊಂದು ಮನೆ, ಒಂದು ಗಾಡಿ ಅನ್ನ, ಅದನ್ನು ಒಯ್ಯಲು ಒಬ್ಬ ಮನುಷ್ಯ. ಭೀಮ ಬರುವವರೆಗೆ ಆ ಊರು ಹಾಗೆಯೇ ಬದುಕಿತು. ಅಡುಗೆ ಮಾಡುವವರು ಯಾರು, ಸರದಿಯ ಲೆಕ್ಕ ಇಡುವವರು ಯಾರು, ದುಡ್ಡಿರುವವರು ಸರದಿ ತಪ್ಪಿಸಿಕೊಂಡರಾ? ಈ ಪ್ರಶ್ನೆಗಳಿಂದಲೇ ನಾನು ಮೂರು ಕಥೆ ಬರೆದಿದ್ದೇನೆ. ಇನ್ನೂ ಉಳಿದಿವೆ.

ದೊಡ್ಡವರು ಯಾಕೆ ಓದಬೇಕು? ಮಕ್ಕಳ ಕಥೆ ಅಲ್ವಾ ಇದು?

ಇದಕ್ಕೆ ನನ್ನ ಬಳಿ ಇರುವುದು ಒಂದು ದಿನದ ಉತ್ತರ. 2005ರ ಜುಲೈ 26.

ಆಗ ನನ್ನ ಆಫೀಸು ಸಾಕಿ ನಾಕಾದಲ್ಲಿತ್ತು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಮಗೆ ಆಗ ಅಂಕಿ ಗೊತ್ತಿರಲಿಲ್ಲ. ನೀರು ಮೆಟ್ಟಿಲು ಹತ್ತುವುದು ಮಾತ್ರ ಕಾಣುತ್ತಿತ್ತು. ಸಂಜೆ ನಾಲ್ಕಕ್ಕೆ ಹೊರಟೆ. ಲೋಕಲ್ ನಿಂತಿತ್ತು, ಬಸ್ಸು ನಿಂತಿತ್ತು. ಘಾಟ್‌ಕೋಪರ್ ಕಡೆ ನಡೆದೆವು. ನೂರಾರು ಜನ, ಸಾಲಾಗಿ, ಮುಂದಿನವರ ಹೆಗಲು ಹಿಡಿದುಕೊಂಡು. ಯಾರೂ ಕಿರುಚಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಯಾರೂ ಯಾರನ್ನೂ ತುಳಿದು ಓಡಲಿಲ್ಲ. ಎದುರಿನಿಂದ ಬರುವವರನ್ನು ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಆಗೇ ಕಿತನಾ ಪಾನೀ ಹೈ?" (ಮುಂದೆ ಎಷ್ಟು ನೀರಿದೆ?) ಅವರು ಬಾಯಲ್ಲಿ ಹೇಳುತ್ತಿರಲಿಲ್ಲ. ಕೈಯಲ್ಲಿ ತೋರಿಸುತ್ತಿದ್ದರು. ಮೊಣಕಾಲು. ಸೊಂಟ. ಎದೆ. ಒಬ್ಬರು ಎದೆಗೆ ಕೈ ಇಟ್ಟಾಗ ನಮ್ಮ ಸಾಲು ಸುಮ್ಮನೆ ಪಕ್ಕದ ಗಲ್ಲಿಗೆ ತಿರುಗಿತು. ಒಂದು ಚಾಳಿನ ಬಾಗಿಲಲ್ಲಿ ಹೆಂಗಸೊಬ್ಬರು ಸ್ಟೀಲ್ ಲೋಟದಲ್ಲಿ ಚಹಾ, ಜೊತೆಗೆ ಬಿಸ್ಕತ್ತು ಕೊಡುತ್ತಿದ್ದರು. ಆ ರಾತ್ರಿ ನಾನು ಅವರ ಮನೆಯಲ್ಲೇ, ಅವರ ಅತ್ತೆಯ ಪಕ್ಕ, ನೆಲದ ಮೇಲೆ ಮಲಗಿದೆ. ಅವರ ಹೆಸರನ್ನು ನಾನು ಇನ್ನೂ ದಿನಾ ನೆನೆಸುತ್ತೇನೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿಲಿಮೀಟರ್ ಮಾತ್ರ. ಮುಂಬೈಯ ಮಳೆಗಾಲದಲ್ಲಿ ಅದು ಮಾಮೂಲಿ. ಅಂದರೆ ಒಂದೇ ಊರಿನ ಒಂದು ತುದಿಯಲ್ಲಿ ಜನ ಮುಳುಗುತ್ತಿದ್ದರು, ಇನ್ನೊಂದು ತುದಿಯಲ್ಲಿ ಕೊಡೆ ಬಿಡಿಸಿ ನಡೆಯುತ್ತಿದ್ದರು.

ದೊಡ್ಡ ಅನಾಹುತವನ್ನು ಯಾರೂ ಪೂರ್ತಿ ನೋಡುವುದಿಲ್ಲ. ತನ್ನ ಸೊಂಟದವರೆಗೆ ಬಂದಷ್ಟನ್ನೇ ಪ್ರತಿಯೊಬ್ಬರೂ ನೋಡುವುದು. ಅದನ್ನು ನೇರವಾಗಿ ಬರೆಯಲು ನಾನು ಬಹಳ ಸಲ ಕೂತೆ. ಆಗಲಿಲ್ಲ. ಮಳೆಯ ಜಾಗದಲ್ಲಿ ಒಂದು ಪ್ರಾಣಿಯನ್ನು ಇಟ್ಟಾಗ ಬರೆಯಲು ಬಂತು. ಇದು ಮಕ್ಕಳಿಗೆ ಮಾತ್ರ ಸೇರಿದ ವಿಷಯ ಅಂತ ನನಗೆ ಅನ್ನಿಸಿಲ್ಲ.

ಎಷ್ಟು ಪುಟ ಇರಬೇಕು?

ಒಂದು ರಾತ್ರಿ, ಒಂದು ಜಾಗ, ಒಬ್ಬರ ಕಣ್ಣು. ಇಷ್ಟಕ್ಕೆ ಎರಡರಿಂದ ಮೂರು ಸಾವಿರ ಪದ ಸಾಕು. ಡೊಂಬಿವಿಲಿಯಿಂದ ದಾದರ್ ಮುಟ್ಟುವಷ್ಟರಲ್ಲಿ ಓದಿ ಮುಗಿಯಬೇಕು ಅಂತ ನನ್ನ ಲೆಕ್ಕ. ಸೈನ್ಯ, ಮಂತ್ರಿ, ಟಿವಿ ಚಾನೆಲ್ ಎಲ್ಲ ಬಂದರೆ ಅದು ಕಾದಂಬರಿ. ಅದೂ ಒಳ್ಳೆಯದೇ, ಆದರೆ ಬೇರೆ ಕೆಲಸ.

## ಬರೆಯಲು ಕೂತಾಗ

ಎಷ್ಟು ಎತ್ತರ ಇಡೋದು? ನಾನು "ಪರ್ವತದಷ್ಟು" ಅಂತ ಬರೆದಿದ್ದೆ, ನೀವು ಅಡ್ಡಗೆರೆ ಎಳೆದ್ರಿ.

ಎಳೆದೆ, ಯಾಕೆಂದರೆ ನಿಮ್ಮ ಕಥೆಯ ಹುಡುಗ ಪರೇಲ್‌ನಲ್ಲಿ ಬೆಳೆದವನು. ಅವನು ಪರ್ವತ ನೋಡಿಲ್ಲ. ಅವನು ನೋಡಿದ ಅಳತೆಯಲ್ಲೇ ಅವನಿಗೆ ಹೆದರಿಕೆ ಆಗಬೇಕು. ಭೂತಾಕಾರ, ಬೃಹತ್, ಆಕಾಶಕ್ಕೆ ಮುಟ್ಟುವ ಅನ್ನುವ ಮಾತುಗಳು ಕಿವಿಗೆ ದೊಡ್ಡವು, ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ.

ಮುಂಬೈ ತುಂಬ ಅಳತೆಗೋಲುಗಳಿವೆ. ಗೇಟ್‌ವೇ ಆಫ್ ಇಂಡಿಯಾ 26 ಮೀಟರ್. ಫೋರ್ಟ್‌ನ ರಾಜಾಬಾಯಿ ಗಡಿಯಾರ ಗೋಪುರ 85 ಮೀಟರ್. ಬಾಂದ್ರಾ-ವರ್ಲಿ ಸೀ ಲಿಂಕ್‌ನ ಎತ್ತರದ ಕಂಬಗಳು 120 ಮೀಟರ್ ದಾಟುತ್ತವೆ. ಹನ್ನೆರಡು ಬೋಗಿಯ ಲೋಕಲ್ ಸುಮಾರು ಕಾಲು ಕಿಲೋಮೀಟರ್ ಉದ್ದ. ಒಂದು ಮಹಡಿಗೆ ಮೂರು ಮೀಟರ್ ಹಿಡಿಯಿರಿ. ನಿಮ್ಮ ಪ್ರಾಣಿ 50 ಮೀಟರ್ ಎತ್ತರ ಇದ್ದರೆ ಅದು ಗೇಟ್‌ವೇಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹದಿನೇಳನೇ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿರುವವರಿಗೆ ಅದರ ಕಣ್ಣು ನೇರಕ್ಕೆ ಕಾಣುತ್ತದೆ. ನೆಲಮಹಡಿಯ ಕಿರಾಣಿ ಅಂಗಡಿಯವನಿಗೆ ಕಾಲಿನ ಉಗುರು ಮಾತ್ರ. ಇಬ್ಬರೂ ಒಂದೇ ಬಿಲ್ಡಿಂಗಿನವರು, ಇಬ್ಬರ ಕಥೆಯೂ ಬೇರೆ. ಬರೆಯುವ ಮೊದಲು ಇದನ್ನು ಒಂದು ಕಾಗದದ ಮೇಲೆ ಚಿತ್ರ ಹಾಕಿಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ.

ನನ್ನ ಮಗ ಇಂಜಿನಿಯರಿಂಗ್ ಓದ್ತಿದ್ದಾನೆ. ಅಷ್ಟು ದೊಡ್ಡ ಪ್ರಾಣಿ ನಿಲ್ಲೋಕೇ ಆಗಲ್ಲ ಅಂತಾನೆ. ಹೌದಾ?

ಮಗ ಹೇಳಿದ್ದು ಸರಿ. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿದ್ದಾನೆ. ಲೆಕ್ಕ ಸುಲಭ. 1.7 ಮೀಟರ್ ಎತ್ತರದ, 70 ಕಿಲೋ ತೂಕದ ಒಬ್ಬ ಮನುಷ್ಯನನ್ನು 30 ಪಟ್ಟು ದೊಡ್ಡ ಮಾಡಿ. ಎತ್ತರ 51 ಮೀಟರ್ ಆಯಿತು. ಆದರೆ ಅಗಲವೂ 30 ಪಟ್ಟು, ದಪ್ಪವೂ 30 ಪಟ್ಟು. ಹಾಗಾಗಿ ತೂಕ 27,000 ಪಟ್ಟು, ಅಂದರೆ 1,890 ಟನ್. ಎಲುಬಿನ ಬಲ ಮಾತ್ರ ಅದರ ಅಡ್ಡಕೊಯ್ತದಷ್ಟೇ, ಅಂದರೆ ಅಡ್ಡ ಕತ್ತರಿಸಿದಾಗ ಕಾಣುವ ಮುಖದಷ್ಟೇ ಬೆಳೆಯುತ್ತದೆ, ಅದು 30ರ 30 ಪಟ್ಟು, 900 ಪಟ್ಟು. ಉಳಿದ ಲೆಕ್ಕ ನೀವೇ ಮಾಡಿ: ಎಲುಬಿನ ಪ್ರತಿ ಬೆರಳಗಲದ ಜಾಗವೂ ಮೊದಲಿಗಿಂತ 30 ಪಟ್ಟು ಜಾಸ್ತಿ ಭಾರ ಹೊರಬೇಕು. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಇದೇ ಲೆಕ್ಕವನ್ನು 60 ಅಡಿಯ ದೈತ್ಯರಿಗೆ ಹಾಕಿದರು. ಮನುಷ್ಯನ ತೊಡೆ ಎಲುಬು ಅವನ ತೂಕದ ಸುಮಾರು ಹತ್ತು ಪಟ್ಟು ಭಾರಕ್ಕೆ ಮುರಿಯುತ್ತದೆ ಎಂದರು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡರು. ಆದ್ದರಿಂದ ನಮ್ಮ ಮನೆಯ ಹಿರಿಯರೊಬ್ಬರು ಹೇಳಿದ ಹಾಗೆ ನನಗೆ ಅದು ಕೇಳಿಸುತ್ತದೆ.

ಹಾಗಾದರೆ ಬರೆಯುವುದು ಬಿಡಬೇಕಾ? ಬೇಡ. ದಾರಿಗಳಿವೆ. ಪ್ರಾಣಿಯನ್ನು ನೀರಿನಲ್ಲೇ ಇಡಬಹುದು. ನೀರು ಭಾರ ಹೊರುತ್ತದೆ, ನೀಲಿ ತಿಮಿಂಗಿಲ ನೂರು ಟನ್ ದಾಟಿ ಬೆಳೆಯುವುದು ಅದರಿಂದಲೇ. ನೆಲದ ಮೇಲೆ ಬೇಕೇ ಬೇಕಾದರೆ ಮನುಷ್ಯನ ಆಕಾರ ಬಿಡಿ. ಗಿಡ್ಡ, ಅಗಲ, ಕಂಬದಂತಹ ಕಾಲುಗಳು, ಆನೆಯ ಹಾಗೆ. ಅದೂ ಬೇಡ ಅಂದರೆ ಒಂದು ಸುಳ್ಳು ಹೇಳಿ: ಇದರ ಎಲುಬು ಬೇರೆ ತರಹದ್ದು ಅಂತ. ಓದುಗರು ಒಂದು ಸುಳ್ಳನ್ನು ಸಂತೋಷದಿಂದ ಒಪ್ಪುತ್ತಾರೆ. ಆದರೆ ಆಮೇಲೆ ಉಳಿದದ್ದೆಲ್ಲ ನಿಯಮದಂತೆ ನಡೆಯಬೇಕು. 1,890 ಟನ್ನಿನ ಪ್ರಾಣಿ ಸೈನ್ ಸರ್ಕಲ್‌ನಲ್ಲಿ ಹೆಜ್ಜೆ ಇಟ್ಟರೆ ಡಾಂಬರು ಕುಸಿಯಬೇಕು, ಕೆಳಗಿನ ನೀರಿನ ಪೈಪು ಒಡೆಯಬೇಕು, ಮರುದಿನ ಆ ಏರಿಯಾಕ್ಕೆ ಟ್ಯಾಂಕರ್ ಬರಬೇಕು. ನಾನು ಬರೆದ ಕಥೆಗಳಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡದ್ದು ಆ ಟ್ಯಾಂಕರಿನ ಸಾಲನ್ನೇ.

ಸಮುದ್ರದಿಂದ ದಿಢೀರ್ ಅಂತ ಎದ್ದು ಬರೋ ಹಾಗೆ ಬರೆದೆ. ಅದರಲ್ಲೇನು ತಪ್ಪು?

ಮುಂಬೈ ಕಡಲು ಅದಕ್ಕೆ ಬಿಡುವುದಿಲ್ಲ. ಇಲ್ಲಿನ ಸಮುದ್ರ ಬಹಳ ದೂರದವರೆಗೆ ಆಳವಿಲ್ಲ. ಬಾಂಬೆ ಹೈ ತೈಲಕ್ಷೇತ್ರ ತೀರದಿಂದ 150 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲೂ ನೀರಿನ ಆಳ 75 ಮೀಟರ್ ಆಸುಪಾಸು. ಅಲ್ಲಿಂದ ದಡಕ್ಕೆ ಬರುತ್ತಾ ಆಳ ಕಡಿಮೆಯಾಗುತ್ತಲೇ ಹೋಗುತ್ತದೆ. ಅಂದರೆ 50 ಮೀಟರಿನ ಪ್ರಾಣಿ ನಡೆದು ಬಂದರೆ, ದಡ ಇನ್ನೂ ಎಷ್ಟೋ ದೂರ ಇರುವಾಗಲೇ ಅದರ ತಲೆ ನೀರಿನ ಮೇಲೆ ಕಾಣುತ್ತದೆ. ತೈಲಬಾವಿಗೆ ಹೋಗಿಬರುವ ಹಡಗಿನವರು ನೋಡುತ್ತಾರೆ, ದೋಣಿಯವರು ನೋಡುತ್ತಾರೆ. ಚರ್ಚ್‌ಗೇಟಿಗೆ ಸುದ್ದಿ ಮೊದಲು ಬರುತ್ತದೆ, ಪ್ರಾಣಿ ಆಮೇಲೆ.

ಇದು ತೊಂದರೆ ಅಂತ ಮೊದಲು ನನಗೂ ಅನ್ನಿಸಿತ್ತು. ಈಗ ಇದು ನಮ್ಮ ಊರು ಕೊಟ್ಟ ಉಡುಗೊರೆ ಅನ್ನುತ್ತೇನೆ. ಬರುತ್ತಿದೆ ಅಂತ ಗೊತ್ತಿದ್ದೂ ಮೂರು ದಿನ ಕಾಯುವುದು. ಆ ಮೂರು ದಿನ ಶಾಲೆ ಇದೆಯಾ? ರಜೆ ಕೊಟ್ಟರಾ? ಸಂಬಳದ ದಿನ ಬಂತಾ? ಊರಿಗೆ ಹೋಗುವ ಬಸ್ಸಿನ ಟಿಕೆಟ್ ರೇಟು ಎಷ್ಟಾಯಿತು? ಕಥೆ ಅಲ್ಲೇ ಇದೆ.

ದಿಢೀರ್ ಅಂತಲೇ ಬರಬೇಕು ಅಂದರೆ ಎರಡು ಉಪಾಯ. ಒಂದು, ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಸಸೂನ್ ಡಾಕ್‌ನಲ್ಲಿ ದೋಣಿಗಳು ಕಟ್ಟಿಕೊಂಡೇ ಇರುತ್ತವೆ, ಕಡಲಿನಲ್ಲಿ ನೋಡುವ ಕಣ್ಣು ಕಡಿಮೆ. ಇನ್ನೊಂದು, ಚಪ್ಪಟೆ ಪ್ರಾಣಿ. ನಮ್ಮ ಗುಂಪಿನಲ್ಲಿ ಮಲ್ಪೆಯ ಹುಡುಗಿಯೊಬ್ಬಳು ದೈತ್ಯ ತೊರಕೆ ಮೀನಿನ ಕಥೆ ಬರೆದಳು. ಅದು ಕೆಸರಿಗೆ ಅಂಟಿಕೊಂಡೇ ಬರುತ್ತದೆ. ಇಳಿತದ ಹೊತ್ತಿಗೆ ಶಿವಡಿಯ ಕೆಸರಿನಲ್ಲಿ, ಫ್ಲೆಮಿಂಗೊಗಳು ನಿಲ್ಲುವ ಜಾಗದಲ್ಲಿ, ನೆಲವೇ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತದೆ. ಹಕ್ಕಿಗಳು ಎದ್ದು ಹೋಗುತ್ತವೆ. ಓದುವಾಗ ನಾವೆಲ್ಲ ಕಾಲು ಮೇಲೆ ಎತ್ತಿಕೊಂಡು ಕೂತಿದ್ದೆವು.

ಪ್ರಾಣಿಯನ್ನು ಶುರುವಿಗೇ ತೋರಿಸಬೇಕಾ, ಕೊನೆಗಾ?

ಯಕ್ಷಗಾನ ನೋಡಿದವರು ಈ ಪ್ರಶ್ನೆ ಕೇಳಬಾರದು ಅಂತ ನನ್ನ ತಂದೆ ಹೇಳುತ್ತಿದ್ದರು. ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ರಂಗಕ್ಕೆ ಬರುವುದನ್ನು ನೆನೆಸಿಕೊಳ್ಳಿ. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಕೇಳುವುದು ಆರ್ಭಟೆ. ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ಚೆಂಡೆ ಏರುತ್ತದೆ. ತೆರೆ ಒಂದು ಸಲ ಜಗ್ಗುತ್ತದೆ, ಮತ್ತೆ ಮೇಲೆ ಹೋಗುತ್ತದೆ. ಮುಖ ಕಾಣುವಷ್ಟರಲ್ಲಿ ಮಕ್ಕಳು ಅಮ್ಮನ ಸೆರಗಿನೊಳಗೆ. ಆ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿದಿರುತ್ತದೆ. ತೋರಿಸಲು ಅವಸರ ಮಾಡುವುದಿಲ್ಲ.

ಇನ್ನು ಮಹಿಷಾಸುರ. ಅವನು ತೆರೆಯ ಹಿಂದಿನಿಂದ ಬರುವುದೇ ಇಲ್ಲ. ಜನರ ಹಿಂದಿನಿಂದ, ಕತ್ತಲಿನಿಂದ, ಬೆಂಕಿ ಹಿಡಿದುಕೊಂಡು ಬರುತ್ತಾನೆ. ಚಾಪೆಯಲ್ಲಿ ಮಲಗಿದ್ದ ಮಗು ಎದ್ದು ನೋಡಿದರೆ ಕೋಡು ಪಕ್ಕದಲ್ಲೇ. ರಂಗಸ್ಥಳವನ್ನು ನೋಡುತ್ತಾ ಕೂತವರಿಗೆ ಅದು ಬೆನ್ನಿನ ಕಡೆಯಿಂದ ಬರುವ ಭಯ. ಊರಿನ ಮೇಳಗಳು ಪತ್ತನಾಜೆ, ಅಂದರೆ ವರ್ಷದ ತಿರುಗಾಟದ ಕೊನೆಯ ದಿನ, ಮುಗಿಸಿ ಮಳೆಗಾಲದಲ್ಲಿ ಮುಂಬೈಗೆ ಬರುತ್ತವೆ. ಕಥೆ ಬರೆಯುವವರು ಆಗ ಒಮ್ಮೆ ಹೋಗಿ ಕೂರಿ. ಆಟ ನೋಡಬೇಡಿ, ಆಟ ನೋಡುವವರನ್ನು ನೋಡಿ.

ಸಣ್ಣಕಥೆಗೆ ನಾನು ಇಟ್ಟುಕೊಂಡ ಕ್ರಮ: ಮೊದಲು ಅದರ ಸದ್ದು ಅಥವಾ ವಾಸನೆ. ಆಮೇಲೆ ಅದು ಮಾಡಿದ ಬದಲಾವಣೆ, ಬಾವಿಯ ನೀರು ಅಲುಗಾಡುವುದು, ಓವರ್‌ಹೆಡ್ ತಂತಿ ಜೋತು ಬೀಳುವುದು. ಆಮೇಲೆ ದೇಹದ ಒಂದು ಭಾಗ. ಪೂರ್ತಿ ದೇಹ ಒಂದೇ ಸಲ, ಒಂದೇ ವಾಕ್ಯದಲ್ಲಿ.

## ಸ್ವಲ್ಪ ಬರೆದವರು ಕೇಳುವವು

ಕಥೆ ಯಾರ ಕಣ್ಣಿಂದ ಹೇಳಿದ್ರೆ ಚೆಂದ? ವಿಜ್ಞಾನಿ ಇರ್ಲೇಬೇಕಾ?

ಇರಲೇಬೇಕಿಲ್ಲ. ಪ್ರಾಣಿ ಬಂದರೂ ಬಿಟ್ಟು ಹೋಗಲಾಗದ ಕೆಲಸ ಯಾರಿಗಿದೆ, ಅವರನ್ನು ಹಿಡಿಯಿರಿ. ಹಾಜಿ ಅಲಿಯ ಹತ್ತಿರ ಮಳೆನೀರು ಎತ್ತುವ ಪಂಪಿನವನು. ಎರಡು ಸ್ಟೇಷನ್‌ಗಳ ನಡುವೆ ನಿಂತುಹೋದ ಲೋಕಲ್‌ನ ಮೋಟರ್‌ಮನ್. ಮೇಲೆ 25,000 ವೋಲ್ಟ್ ತಂತಿ ಕಡಿದು ಬಿದ್ದಿದೆ, ಹಿಂದೆ ಸಾವಿರಾರು ಜನ ಕೂತಿದ್ದಾರೆ, ಹಳಿಗೆ ಇಳಿಯಬೇಡಿ ಎಂದು ಅವನು ಹೇಳಬೇಕು. ಹೋಟೆಲಿನಲ್ಲಿ ರಾತ್ರಿ ಹಿಟ್ಟು ರುಬ್ಬುವ ನಮ್ಮ ಕಡೆಯ ಹುಡುಗ. ಬೆಳಿಗ್ಗೆ ಊರು ಇರುತ್ತದೋ ಇಲ್ಲವೋ, ಇಡ್ಲಿ ಹಿಟ್ಟು ಹುಳಿ ಬರಲೇಬೇಕು, ಅಲ್ವಾ?

ನನಗೆ ಬಹಳ ಕಾಲದಿಂದ ಕಾಡುವ ಪಾತ್ರ 1916 ಎಂಬ ನಂಬರಿನಲ್ಲಿ ಫೋನ್ ಎತ್ತುವವಳು. ಅದು ಮುಂಬೈ ಮಹಾನಗರಪಾಲಿಕೆಯ ಆಪತ್ತಿನ ಸಹಾಯವಾಣಿ. ಮರ ಬಿದ್ದರೆ, ನೀರು ತುಂಬಿದರೆ, ಗೋಡೆ ಕುಸಿದರೆ ಜನ ಅಲ್ಲಿಗೇ ಮಾಡುತ್ತಾರೆ. ಹಾಗಾದರೆ ದೈತ್ಯಪ್ರಾಣಿಯ ಮೊದಲ ಸುದ್ದಿಯೂ ಅಲ್ಲಿಗೇ ಬರುತ್ತದೆ. ಯಾರೂ "ದೈತ್ಯ" ಅನ್ನುವುದಿಲ್ಲ. "ನಮ್ಮ ಗಲ್ಲಿಯಲ್ಲಿ ಏನೋ ಬಿದ್ದಿದೆ, ರಸ್ತೆ ಬಂದ್ ಆಗಿದೆ" ಅನ್ನುತ್ತಾರೆ. ಅವಳು ವಾರ್ಡ್ ನಂಬರ್ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಎರಡನೇ ಕರೆ ಪಕ್ಕದ ವಾರ್ಡಿನಿಂದ. ಮೂರನೆಯದು ಅದರ ಪಕ್ಕದ್ದು. ಅವಳ ಪುಸ್ತಕದಲ್ಲಿ ವಾರ್ಡುಗಳು ಒಂದು ಗೆರೆ ಎಳೆದ ಹಾಗೆ ಸಾಲಾಗುತ್ತವೆ. ಆ ಗೆರೆ ಅವಳ ಮನೆಯ ಕಡೆ ತಿರುಗುತ್ತದೆ. ಅವಳು ಪ್ರಾಣಿಯನ್ನು ಒಮ್ಮೆಯೂ ನೋಡುವುದಿಲ್ಲ. ಈ ಕಥೆಯನ್ನು ಯಾರು ಬೇಕಾದರೂ ಬರೆಯಿರಿ, ನನಗೆ ಓದಲು ಕೊಟ್ಟರೆ ಸಾಕು.

"ಅದು" ಅನ್ಬೇಕಾ, "ಅವನು" ಅನ್ಬೇಕಾ?

ಇದು ನಿಜವಾಗಿ ದೊಡ್ಡ ಪ್ರಶ್ನೆ. ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಬಂತು ಅಂದರೆ ಪ್ರಾಣಿ, ಬಂದ ಅಂದರೆ ರಾಕ್ಷಸ, ಬಂದಳು ಅಂದರೆ ಇನ್ನೇನೋ. ದೈತ್ಯ ಅನ್ನುವ ಪದವೇ ಗಂಡು, ಬರೆಯುತ್ತಾ ಹೋದರೆ ಅದು ನಮ್ಮನ್ನು "ಅವನು" ಕಡೆ ಎಳೆಯುತ್ತದೆ. ಅದಕ್ಕೇ ನಾನು ಕರಡಿನಲ್ಲಿ ಪ್ರಾಣಿ ಅಂತಲೇ ಬರೆಯುತ್ತೇನೆ.

ಆದರೆ ಈ ಕಟ್ಟುಪಾಡಿನಲ್ಲೇ ಒಂದು ಶಕ್ತಿ ಇದೆ. ಕಥೆ ಪೂರ್ತಿ "ಅದು" ಅಂತ ಹೋಗಿ, ಒಂದೇ ಒಂದು ಕಡೆ ಬದಲಾಯಿಸಿ ನೋಡಿ. "ಅದು ವಡಾಲದ ಸೇತುವೆ ದಾಟಿತು. ಕೆರೆಯ ಹತ್ತಿರ ನಿಂತಿತು. ಬಗ್ಗಿ ನೀರು ಕುಡಿದಳು." ಯಾರೂ ವಿವರಣೆ ಕೊಡಲಿಲ್ಲ. ನೋಡುತ್ತಿದ್ದವರ ಮನಸ್ಸು ತಿರುಗಿದ್ದು ಒಂದು ಪ್ರತ್ಯಯದಲ್ಲಿ ಗೊತ್ತಾಯಿತು. ಇದು ನಮ್ಮ ಭಾಷೆಗೆ ಸಿಕ್ಕಿರುವ ಸೌಕರ್ಯ. ಒಂದು ಕಥೆಯಲ್ಲಿ ಒಂದೇ ಸಲ ಬಳಸಿ, ಎರಡು ಸಲ ಬಳಸಿದರೆ ಮುದ್ರಣದೋಷದ ಹಾಗೆ ಕಾಣುತ್ತದೆ.

ಪಾತ್ರಗಳು ಹಿಂದಿ, ಮರಾಠಿ, ತುಳು ಎಲ್ಲ ಮಾತಾಡ್ತಾವೆ. ಹೇಗೆ ಬರೆಯೋದು?

ಸಂಭಾಷಣೆ ಕನ್ನಡದಲ್ಲೇ ಇರಲಿ. ಹೆದರಿದಾಗ ಬಾಯಿಂದ ಬರುವ ಮೊದಲ ಮಾತು ಮಾತ್ರ ಅವರವರ ಭಾಷೆಯಲ್ಲಿ ಇರಲಿ. ಚಾಳಿನ ಒಂದೇ ಕಾರಿಡಾರಿನಲ್ಲಿ ಒಬ್ಬರು "ಭಾಗೋ" ಅನ್ನುತ್ತಾರೆ, ಒಬ್ಬರು "ಪಳಾ", ನನ್ನ ಅತ್ತೆಯಂಥವರು "ಬಲಿಪುಲೆ", ಪಕ್ಕದ ಮನೆಯ ಕಲಬುರಗಿಯವರು "ಓಡ್ರಿ". ಯಾರಿಗೂ ಅನುವಾದ ಬೇಕಾಗುವುದಿಲ್ಲ.

ದೈತ್ಯ ಅಂದ್ರೆ ಯಾವುದೋ ಒಂದರ ಸಂಕೇತ ಆಗಿರ್ಲೇಬೇಕಾ?

ಆಗಿರಲೇಬೇಕು ಅಂತ ಕೂತರೆ ಕಥೆ ಒಣಗುತ್ತದೆ. ಪ್ರಾಣಿ ಮೊದಲು ಪ್ರಾಣಿಯಾಗಿರಲಿ. ಅದಕ್ಕೆ ಹಸಿವು, ನಿದ್ದೆ, ಚರ್ಮದ ಮೇಲೆ ಅಂಟಿದ ಚಿಪ್ಪು ಎಲ್ಲ ಇರಲಿ. ಅರ್ಥ ತಾನಾಗಿ ಬಂದು ಸೇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ದೈತ್ಯನನ್ನು "ಹೊರಗಿನಿಂದ ಬಂದ ಜನ" ಅನ್ನುವ ಅರ್ಥದಲ್ಲಿ ಬರೆಯಬೇಡಿ. ಅಂಥ ಎರಡು ಮೂರು ಕಥೆಗಳು ನನ್ನ ಕೈಗೆ ಬಂದಿವೆ. ಬರೆದವರು ಒಳ್ಳೆಯ ಮಕ್ಕಳೇ, ಯೋಚಿಸಿರಲಿಲ್ಲ ಅಷ್ಟೇ. ಮುಂಬೈಯಲ್ಲಿ ಹೊರಗಿನಿಂದ ಬಂದವರು ಅಂದರೆ ನಾವೇ. 1960ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ "ಲುಂಗಿ ಹಟಾವೋ" ಎಂಬ ಕೂಗು ಎದ್ದಿತ್ತು. ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು. ನನ್ನ ಗಂಡನ ಸೋದರಮಾವ ಆಗ ಹದಿನಾಲ್ಕರ ಹುಡುಗ, ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು. ಷಟರ್ ಎಳೆದು, ದೀಪ ಆರಿಸಿ, ಹಿಟ್ಟಿನ ಡ್ರಮ್ಮಿನ ಹಿಂದೆ ಕೂತಿದ್ದರಂತೆ. ಹೊರಗೆ ಕಾಲಿನ ಸದ್ದು ಕೇಳುತ್ತಿತ್ತು. ಅವರು ಆ ರಾತ್ರಿಯನ್ನು ಹೇಳುವಾಗ ನನಗೆ ಅದು ದೈತ್ಯಪ್ರಾಣಿ ಕಥೆಯ ಹಾಗೆಯೇ ಕೇಳಿಸುತ್ತದೆ. ಆ ಕಥೆಯಲ್ಲಿ ಪ್ರಾಣಿ ಯಾವ ಕಡೆ ಇತ್ತು ಅನ್ನುವುದನ್ನು ಮರೆಯಬೇಡಿ.

ಎಷ್ಟು ಜನ ಸಾಯೋ ಹಾಗೆ ಬರೆಯಬೇಕು?

"ಸಾವಿರಾರು ಜನ ಸತ್ತರು" ಅಂತ ಬರೆಯುವುದು ಸುಲಭ, ಓದುವವರಿಗೆ ಏನೂ ಆಗುವುದಿಲ್ಲ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿ ತುಂಬಿದ್ದ ಹಡಗೊಂದು ಸಿಡಿಯಿತು. ನೂರಾರು ಜನ ಸತ್ತರು. ಆದರೆ ದೇಶ ಇವತ್ತಿಗೂ ಏಪ್ರಿಲ್ 14ನ್ನು ಅಗ್ನಿಶಾಮಕ ದಿನವಾಗಿ ಆಚರಿಸುವುದು ಅಲ್ಲಿ ಬೆಂಕಿ ಆರಿಸಲು ಹೋಗಿ ಸತ್ತ 66 ಸಿಬ್ಬಂದಿಯ ನೆನಪಿಗೆ. 66 ಅನ್ನುವುದು ಒಂದು ಹಾಜರಿ ಪುಸ್ತಕದಲ್ಲಿ ಹಿಡಿಯುವ ಸಂಖ್ಯೆ. ಬೆಳಿಗ್ಗೆ ಹೆಸರು ಕರೆದಾಗ ಇದ್ದವರು, ಸಂಜೆ ಇಲ್ಲದವರು.

ನನ್ನ ಕಥೆಗಳಲ್ಲಿ ಸಾಯುವವರು ಒಬ್ಬರೋ ಇಬ್ಬರೋ. ಅವರ ಚಪ್ಪಲಿ ಎಲ್ಲಿ ಬಿಟ್ಟಿದ್ದರು ಅನ್ನುವುದು ನನಗೆ ಗೊತ್ತಿರುತ್ತದೆ.

ಪ್ರಾಣಿ ಸತ್ತ ಮೇಲೆ ಹೆಣ ಏನು ಮಾಡೋದು? ಯಾರೂ ಬರೆಯೋದೇ ಇಲ್ಲ.

ಹೌದು, ಯಾರೂ ಬರೆಯುವುದಿಲ್ಲ. ಕೇಳಿದ್ದಕ್ಕೆ ಸಂತೋಷ.

2016ರ ಜನವರಿ ಕೊನೆಯಲ್ಲಿ ಜುಹೂ ಕಡಲತೀರಕ್ಕೆ ಬ್ರೈಡ್ ಎಂಬ ಜಾತಿಯ ಒಂದು ತಿಮಿಂಗಿಲದ ದೇಹ ಬಂದು ಬಿತ್ತು. ಉದ್ದ 30 ಅಡಿಗೂ ಜಾಸ್ತಿ. ಜನ ನೋಡಲು ಮುಗಿಬಿದ್ದರು. ಅದನ್ನು ತೆಗೆಯಲು ಕ್ರೇನು, ಜೆಸಿಬಿ, ಎಷ್ಟೊಂದು ಕೈಗಳು ಬೇಕಾದವು. ಅದೇ ತಿಂಗಳ ಕೊನೆಗೆ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಆ ಹೊಗೆ ಉಪಗ್ರಹದ ಚಿತ್ರದಲ್ಲೂ ಕಾಣಿಸಿತ್ತು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ್ದೇ ನನಗೆ ಈ ಲೆಕ್ಕ ಹೊಳೆಯಲು ಕಾರಣ.

51 ಮೀಟರಿನ ಪ್ರಾಣಿಯ ತೂಕ 1,890 ಟನ್. ಮುಂಬೈ ದಿನಕ್ಕೆ ಹೊರಹಾಕುವ ಕಸ 6,000 ಟನ್ನಿಗೂ ಜಾಸ್ತಿ. ಅಂದರೆ ಈ ಊರು ದಿನಾ ಮೂರು ದೈತ್ಯಪ್ರಾಣಿಗಳಷ್ಟು ಭಾರವನ್ನು ಎತ್ತಿ ಸಾಗಿಸುತ್ತದೆ. ಬೆಳಗಾಗುವ ಮೊದಲು, ಯಾರೂ ನೋಡದ ಹೊತ್ತಿನಲ್ಲಿ. ಆ ಕೆಲಸ ಮಾಡುವವರಿಗೆ ಪ್ರಾಣಿಯ ಹೆಣ ಒಂದು ಪಾಳಿಯ ಹೆಚ್ಚುವರಿ ಕೆಲಸ.

ಕಳೆದ ತಿಂಗಳು ನಮ್ಮ ಗುಂಪಿಗೆ ಹೊಸದಾಗಿ ಬಂದ ಹುಡುಗಿ ಇದನ್ನೇ ಬರೆದು ತಂದಿದ್ದಳು. ಐದು ರಾತ್ರಿ ಹೆಣ ಕತ್ತರಿಸುವ ಒಬ್ಬ ಸಫಾಯಿ ಕೆಲಸಗಾರ. ಗಮ್‌ಬೂಟು ಎರಡನೇ ರಾತ್ರಿಯೇ ಹರಿದಿದೆ, ಹೊಸದು ಸಿಕ್ಕಿಲ್ಲ. ನಾಲ್ಕನೇ ರಾತ್ರಿ ಅವನಿಗೆ ಪ್ರಾಣಿಯ ಚರ್ಮದ ಮಡಿಕೆಯಲ್ಲಿ ಲೋಕಲ್‌ನ ಒಂದು ಹಿಡಿಕೆ ಸಿಗುತ್ತದೆ, ನಿಂತವರು ಹಿಡಿದುಕೊಳ್ಳುವ ಆ ಸ್ಟೀಲಿನ ಬಳೆ. ಅದನ್ನು ನಲ್ಲಿಯಲ್ಲಿ ತೊಳೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ನಾನು ಅವಳಿಗೆ ಒಂದೇ ತಿದ್ದುಪಡಿ ಹೇಳಿದೆ. ಹತ್ತು ಟನ್ನಿನ ಡಂಪರಿಗೆ 189 ಸುತ್ತು ಅಂತ ಬರೆದಿದ್ದಳು. ಲೆಕ್ಕ ಸರಿ, ಆದರೆ ಪಕ್ಕೆಲುಬುಗಳನ್ನು ಅಡ್ಡ ಕತ್ತರಿಸಿದರೂ ಡಂಪರ್ ಪೂರ್ತಿ ತುಂಬುವುದಿಲ್ಲ, ನಡುವೆ ಖಾಲಿ ಜಾಗ ಉಳಿಯುತ್ತದೆ. ಸುತ್ತು ಇನ್ನೂ ಜಾಸ್ತಿ ಬೇಕು. ಆರನೇ ರಾತ್ರಿಯೂ ಬೇಕು. ಅವಳು ಬರೆಯುತ್ತಿದ್ದಾಳೆ.